ಅಜ್ಜನ ಕೋವಿಗೆ ನ್ಯಾಯವಾದ ಬೆಲೆ ಯಾವುದು?

ಚುನಾವಣೆ ಘೋಷಣೆಯಾಯಿತೆಂದರೆ ನಮ್ಮ ಕರಾವಳಿಯ ಪೊಲೀಸ್ ಠಾಣೆಗಳ ಮುಂದೆ ಒಂದು ಪರಿಚಿತ ನೋಟ ಕಾಣಸಿಗುತ್ತದೆ. ಗೋಣಿಯಲ್ಲೋ ಹಳೆಯ ಪಂಚೆಯಲ್ಲೋ ಸುತ್ತಿದ ಕೋವಿ ಹಿಡಿದು ಬಂದ ಅಡಿಕೆ, ತೆಂಗು ಬೆಳೆಗಾರರು ಠೇವಣಿ ಇಟ್ಟು ರಶೀದಿ ಪಡೆಯಲು ಸರದಿಯಲ್ಲಿ ನಿಂತಿರುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲೂ 2024ರ ಲೋಕಸಭಾ ಚುನಾವಣೆಯಲ್ಲೂ ಇದು ನಡೆಯಿತು. ಹಂದಿ, ಮಂಗಗಳ ಹಾವಳಿಯ ನಡುವೆ ಕೃಷಿಕನ ಕೋವಿಯನ್ನು ಕಸಿದುಕೊಳ್ಳುವುದು ಸರಿಯೇ ಎಂಬ ಚರ್ಚೆಯೂ ಆಗಿಂದಾಗ್ಗೆ ನಡೆಯುತ್ತದೆ. ಚುನಾವಣೆ ಮುಗಿಯುತ್ತದೆ, ಕೋವಿ ಮನೆಗೆ ಮರಳುತ್ತದೆ, ಚರ್ಚೆ ತಣ್ಣಗಾಗುತ್ತದೆ.

ಆದರೆ ಎಲ್ಲ ಕೋವಿಗಳೂ ಮನೆಗೆ ಮರಳುವುದಿಲ್ಲ. ಮನೆ ಭೇಟಿಗೆಂದು ಹೋಗಿದ್ದಾಗ ಒಬ್ಬ ವಯಸ್ಸಾದ ತಾಯಿ ಬೈಬಲಿನ ಪುಟಗಳ ನಡುವೆ ಜೋಪಾನವಾಗಿಟ್ಟ ಚೀಟಿಯೊಂದನ್ನು ನಮ್ಮ ಕೈಗೆ ಕೊಟ್ಟರು. ಅದು ಅವರ ಯಜಮಾನರು ಠಾಣೆಯಲ್ಲಿ ಇಟ್ಟಿದ್ದ ಜೋಡು ನಳಿಗೆ ಕೋವಿಯ ರಶೀದಿ. ಯಜಮಾನರು ತೀರಿಕೊಂಡಿದ್ದಾರೆ. ಮಕ್ಕಳಿಬ್ಬರೂ ಗಲ್ಫ್‌ನಲ್ಲಿದ್ದಾರೆ. "ಫಾದರ್, ಇದಕ್ಕೆ ಏನಾದರೂ ಸಿಗುತ್ತದೆಯೇ? ಒಬ್ಬರು ಬಂದು ಎರಡು ಸಾವಿರ ಕೊಡುತ್ತೇನೆ ಎಂದರು. ಕೊಟ್ಟುಬಿಡಲೇ?" ಎಂದು ಅವರು ಕೇಳಿದರು. ಆ ದಿನ ನಮಗೆ ಉತ್ತರ ಗೊತ್ತಿರಲಿಲ್ಲ. ತಿಳಿದವರನ್ನು ಕೇಳಿ, ಕಾಯ್ದೆಯನ್ನು ಓದಿ ನೋಡಿದಾಗ ಕಂಡದ್ದಿಷ್ಟು: ನಮ್ಮ ಊರುಗಳಲ್ಲಿ ಹಳೆಯ ಕೋವಿಗೆ ನ್ಯಾಯವಾದ ಬೆಲೆ ಸಿಗದಿರುವುದಕ್ಕೆ ಚೌಕಾಸಿ ಮಾಡಲು ಬಾರದಿರುವುದು ಕಾರಣವಲ್ಲ. ಕಾಗದಪತ್ರ ಸರಿ ಇಲ್ಲದಿರುವುದು ಮತ್ತು ಕಾಲ ಮೀರಿಹೋಗುವುದೇ ಮುಖ್ಯ ಕಾರಣ.

ಇದು ಬೇರೆ ವಸ್ತುವಿನ ಮಾರಾಟದಂತಲ್ಲ

ಹಳೆಯ ಸ್ಕೂಟರನ್ನು ಅಥವಾ ಪಂಪುಸೆಟ್ಟನ್ನು ಮಾರುವವನಿಗೆ ಊರೇ ಮಾರುಕಟ್ಟೆ. ಕೋವಿ ಹಾಗಲ್ಲ. ಅದನ್ನು ಕೊಳ್ಳುವವನ ಕೈಯಲ್ಲಿ ಅದೇ ಬಗೆಯ ಆಯುಧಕ್ಕೆ ಪರವಾನಗಿ ಇರಬೇಕು, ಅದರಲ್ಲಿ ಇನ್ನೊಂದು ಕೋವಿ ಸೇರಿಸಲು ಅವಕಾಶವೂ ಉಳಿದಿರಬೇಕು. 2019ರ ಡಿಸೆಂಬರ್ 14ರಂದು ಜಾರಿಗೆ ಬಂದ ಶಸ್ತ್ರಾಸ್ತ್ರ ಕಾಯ್ದೆಯ ತಿದ್ದುಪಡಿಯು, ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಹೊಸದಾಗಿ ಪರವಾನಗಿ ಪಡೆಯುವವರು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿಯನ್ನೂ ಮುಗಿಸಬೇಕು. ಪೊಲೀಸ್ ವರದಿ, ಜಿಲ್ಲಾಡಳಿತದ ಒಪ್ಪಿಗೆ ಎಲ್ಲ ಆಗುವಾಗ ಕಾಲ ಬಹಳ ಹಿಡಿಯುತ್ತದೆ. ಹೀಗಾಗಿ ಕೊಳ್ಳುವ ಅರ್ಹತೆ ಇರುವವರು ಬೆರಳೆಣಿಕೆಯ ಮಂದಿ.

ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಈ ಕಟ್ಟುಪಾಡು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೋವಿ ಯಾರ ಕೈಗೆ ಬೇಕಾದರೂ ಸುಲಭವಾಗಿ ಸಿಗುವ ಸಮಾಜವನ್ನು ನಾವ್ಯಾರೂ ಬಯಸುವುದಿಲ್ಲ. ಆದರೆ ಅದರ ಪರಿಣಾಮವನ್ನೂ ಗಮನಿಸಬೇಕು. ಕೊಳ್ಳುವವರು ಕಡಿಮೆ ಇದ್ದು ಮಾರುವವನಿಗೆ ಅವಸರವಿದ್ದರೆ ಬೆಲೆಯನ್ನು ಕೊಳ್ಳುವವನೇ ನಿರ್ಧರಿಸುತ್ತಾನೆ. 2019ರ ತಿದ್ದುಪಡಿಯ ನಂತರ ಆದದ್ದೂ ಇದೇ. ಮೂರು ಕೋವಿ ಇದ್ದವರು ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಪಡೆದ ಮಾರಾಟಗಾರರಿಗೋ ಒಪ್ಪಿಸಬೇಕಿತ್ತು. ಅದೇ ಕಾಯ್ದೆ ಕೊಳ್ಳುವವರ ಮಿತಿಯನ್ನೂ ತಗ್ಗಿಸಿತು. ಆ ಕೋವಿಗಳಿಗೆ ಇಂತಿಷ್ಟು ಪರಿಹಾರ ಕೊಡುತ್ತೇವೆ ಎಂಬ ಮಾತು ಅದರಲ್ಲಿ ಇರಲಿಲ್ಲ.

ಬೇರೆ ದೇಶಗಳು ಏನು ಮಾಡಿದವು?

ಇಲ್ಲಿ ಎರಡು ದೇಶಗಳ ಉದಾಹರಣೆಯನ್ನು ನೋಡುವುದು ಒಳ್ಳೆಯದು. 1996ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ ಬಂದೂಕುಧಾರಿ 35 ಜನರನ್ನು ಕೊಂದ. ಅಲ್ಲಿನ ಸರಕಾರ ಕೆಲವು ಬಗೆಯ ಬಂದೂಕುಗಳನ್ನು ನಿಷೇಧಿಸಿತು. ಆದರೆ ಬರಿಗೈಯಲ್ಲಿ ಕಿತ್ತುಕೊಳ್ಳಲಿಲ್ಲ. ಆರೋಗ್ಯ ವಿಮೆಯ ತೆರಿಗೆಯನ್ನು ಒಂದು ಬಾರಿಗೆ ಶೇಕಡಾ 0.2ರಷ್ಟು ಏರಿಸಿ, ಆ ಹಣದಿಂದ 6 ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಬೆಲೆ ಕೊಟ್ಟು ಪಡೆದು ನಾಶಪಡಿಸಿತು.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು ಎರಡು ಮಸೀದಿಗಳ ಮೇಲೆ ನಡೆದ ದಾಳಿಯಲ್ಲಿ 51 ಮಂದಿ ಸತ್ತ ಬಳಿಕ ಅಲ್ಲಿಯೂ ಹೀಗೆಯೇ ಆಯಿತು. ಅಲ್ಲಿನ ಸರಕಾರ ಪ್ರತಿ ಮಾದರಿಗೂ ಒಂದು ಮೂಲ ಬೆಲೆಯನ್ನು ಪಟ್ಟಿ ಮಾಡಿ ಪ್ರಕಟಿಸಿತು. ಹೊಸದರಂತೆ ಇರುವ ಬಂದೂಕಿಗೆ ಆ ಬೆಲೆಯ ಶೇಕಡಾ 95, ಬಳಸಿದ್ದಕ್ಕೆ ಶೇಕಡಾ 70, ಕೆಟ್ಟ ಸ್ಥಿತಿಯಲ್ಲಿರುವುದಕ್ಕೆ ಶೇಕಡಾ 25 ಎಂದು ನಿಗದಿಪಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಯೋಜನೆ ಮುಗಿಯುವಾಗ ಸುಮಾರು 56 ಸಾವಿರ ಬಂದೂಕುಗಳು ಬಂದು ಸೇರಿದ್ದವು.

ಅಲ್ಲಿ ಕೊಂಡದ್ದು ಸರಕಾರ, ಇಲ್ಲಿ ಕೊಳ್ಳುವವನು ಇನ್ನೊಬ್ಬ ಪ್ರಜೆ ಅಥವಾ ಅಂಗಡಿಯವನು. ಆದ್ದರಿಂದ ಆ ಶೇಕಡಾವಾರು ಲೆಕ್ಕ ನಮಗೆ ಹಾಗೆಯೇ ಹೊಂದುವುದಿಲ್ಲ. ಆದರೂ ಅದರಲ್ಲೊಂದು ಪಾಠವಿದೆ. ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂದು ಮಾರುವವನಿಗೆ ಮುಂಚಿತವಾಗಿ ತಿಳಿದಿದ್ದರೆ ಅವನನ್ನು ಮೋಸಗೊಳಿಸುವುದು ಕಷ್ಟ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಹಾಗಾಗಿ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಕೋವಿಯ ಬೆಲೆ ಯಾವುದರಲ್ಲಿದೆ?

ಮೊದಲನೆಯದಾಗಿ, ಕೋವಿಯ ಜಾತಿ. ಸಾಮಾನ್ಯ ಒಂಟಿ ನಳಿಗೆ ತೋಟಾ ಕೋವಿಗೂ, ಹೆಸರಾಂತ ಇಂಗ್ಲಿಷ್ ಕಂಪೆನಿಯ ಜೋಡು ನಳಿಗೆ ಕೋವಿಗೂ ಬಹಳ ವ್ಯತ್ಯಾಸವಿದೆ. ಕೇಪಿನ ಕೋವಿಯ ಲೆಕ್ಕವೇ ಬೇರೆ. ಹಳೆಯ ವಿದೇಶಿ ಪಿಸ್ತೂಲು ಲಕ್ಷಗಟ್ಟಲೆಗೆ ಹೋಯಿತು ಎಂಬ ಸುದ್ದಿ ಕೇಳಿ ಕೆಲವರು ತಮ್ಮ ಮನೆಯ ಕೋವಿಗೂ ಅಷ್ಟೇ ಬೆಲೆ ಬರುತ್ತದೆಂದು ನಂಬುತ್ತಾರೆ. 1980ರ ದಶಕದಿಂದ ಖಾಸಗಿ ವ್ಯಕ್ತಿಗಳು ವಿದೇಶದಿಂದ ಬಂದೂಕು ತರಿಸುವುದಕ್ಕೆ ಕಠಿಣ ನಿರ್ಬಂಧ ಇರುವುದರಿಂದ ಅಂಥ ಪಿಸ್ತೂಲು, ರಿವಾಲ್ವರ್‌ಗಳಿಗೆ ಕೊರತೆಯ ಬೆಲೆ ಬಂದಿದೆ. ತೋಟದ ಕೋವಿಗೆ ಆ ಕೊರತೆ ಇಲ್ಲ. ಅತಿಯಾಸೆಯೂ ಬೇಡ, ಅಜ್ಞಾನವೂ ಬೇಡ. ನಳಿಗೆಯ ಮೇಲಿನ ಕಂಪೆನಿಯ ಹೆಸರು, ಕ್ರಮಸಂಖ್ಯೆ, ಪರೀಕ್ಷಾ ಮುದ್ರೆಗಳನ್ನು ಬರೆದುಕೊಂಡು, ಪರವಾನಗಿ ಪಡೆದ ಎರಡು ಮೂರು ಅಂಗಡಿಗಳಲ್ಲಿ ಅದೇ ಬಗೆಯ ಹೊಸ ಕೋವಿಗೆ ಎಷ್ಟೆಂದು ವಿಚಾರಿಸಿದರೆ ಒಂದು ಅಂದಾಜು ಸಿಗುತ್ತದೆ.

ಎರಡನೆಯದು, ಅದರ ಸ್ಥಿತಿ. ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಕೋವಿಯ ದೊಡ್ಡ ಶತ್ರುಗಳು. ಹೊರಗಿನಿಂದ ಹೊಳೆಯುವ ಕೋವಿಯ ನಳಿಗೆಯೊಳಗೆ ತುಕ್ಕು ಹಿಡಿದು ಗುಳಿ ಬಿದ್ದಿರಬಹುದು. ಮಡಚುವ ಕೀಲು ಸಡಿಲವಾಗಿರಬಹುದು, ಮರದ ಹಿಡಿ ಸೀಳಿರಬಹುದು. ಬಹಳ ಹಳೆಯ ಕೆಲವು ಕೋವಿಗಳ ನಳಿಗೆಯನ್ನು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದು ಮಾಡಿರುತ್ತಾರೆ. ಕರಿಮದ್ದಿನ ಕಾಲಕ್ಕೆ ತಯಾರಾದ ಇಂಥವುಗಳಲ್ಲಿ ಇಂದಿನ ತೋಟಾ ಹಾಕಿ ಹಾರಿಸಿದರೆ ನಳಿಗೆಯೇ ಸಿಡಿಯುವ ಅಪಾಯವಿದೆ. ನೋಡಲು ಚೆಂದವಿದೆ ಎಂಬುದೊಂದೇ ಬೆಲೆಗೆ ಆಧಾರವಾಗದು. ತಿಳಿದ ಕುಶಲಕರ್ಮಿಯಿಂದ ಪರೀಕ್ಷೆ ಮಾಡಿಸಲೇಬೇಕು.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ಕಾಗದಪತ್ರ. ಊರ್ಜಿತದಲ್ಲಿರುವ ಪರವಾನಗಿ, ಅದರಲ್ಲಿ ಕೋವಿಯ ಸರಿಯಾದ ಕ್ರಮಸಂಖ್ಯೆ, ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿಸಿ ಕೊಟ್ಟ ವಿಶಿಷ್ಟ ಗುರುತಿನ ಸಂಖ್ಯೆ, ಮೂಲ ಖರೀದಿಯ ರಶೀದಿ ಇವೆಲ್ಲ ಇದ್ದರೆ ಕೊಳ್ಳುವವನು ಧೈರ್ಯದಿಂದ ಮುಂದೆ ಬರುತ್ತಾನೆ. ಪರವಾನಗಿಯ ಅವಧಿ ಈಗ ಮೂರರ ಬದಲು ಐದು ವರ್ಷ. ಹಾಗೆಂದು ನವೀಕರಣವನ್ನು ಮರೆತರೆ ಕೋವಿಯ ಬೆಲೆ ಬಿದ್ದುಹೋಗುತ್ತದೆ. ಬೆಲೆಯ ಮಾತಿರಲಿ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವಾಗುತ್ತದೆ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡವರಿಗೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆವಾಸ ಎಂದು 2019ರ ತಿದ್ದುಪಡಿ ಹೇಳುತ್ತದೆ.

ಯಜಮಾನ ತೀರಿಕೊಂಡ ಮನೆಯಲ್ಲಿ

ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಮನೆಯ ಹೆಸರಿನಲ್ಲಲ್ಲ. ಆತ ತೀರಿಕೊಂಡ ಮೇಲೆ ಆ ಪರವಾನಗಿಯ ಬಲದಲ್ಲಿ ಬೇರೆಯವರು ಕೋವಿ ಇಟ್ಟುಕೊಳ್ಳುವಂತಿಲ್ಲ. ಮನೆಯವರು ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ಮಾರಾಟಗಾರರಲ್ಲೋ ಠೇವಣಿ ಇಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಮೂವತ್ತನೇ ದಿನದ ಪೂಜೆ ಮುಗಿದು, ವರ್ಷಾಂತ್ಯದ ಪೂಜೆಯೂ ಮುಗಿದಿರುತ್ತದೆ, ಕೋವಿ ಅಟ್ಟದ ಮೇಲೆಯೇ ಇರುತ್ತದೆ.

ಆದರೆ ಅದೇ ಕಲಮಿನಲ್ಲಿ ಮನೆಯವರ ಹಕ್ಕೂ ಇದೆ, ಅದು ಬಹಳ ಮಂದಿಗೆ ತಿಳಿದಿಲ್ಲ. ಠೇವಣಿ ಇಟ್ಟ ಕೋವಿಯನ್ನು ನಿಗದಿತ ಅವಧಿಯೊಳಗೆ ಅರ್ಹ ವ್ಯಕ್ತಿಗೆ ಮಾರಿ ಅದರ ಹಣ ಪಡೆಯುವ ಅಧಿಕಾರ ಇಟ್ಟವನಿಗಿದೆ, ಅವನು ಸತ್ತಿದ್ದರೆ ಅವನ ವಾರಸುದಾರರಿಗಿದೆ. ಅವಧಿ ಮೀರಿದರೆ ಮಾತ್ರ ಜಿಲ್ಲಾ ದಂಡಾಧಿಕಾರಿಯ ಆದೇಶದ ಮೇರೆಗೆ ಅದು ಸರಕಾರಕ್ಕೆ ಮುಟ್ಟುಗೋಲಾಗುತ್ತದೆ. ಅಂದರೆ ಆ ತಾಯಿ ಬೈಬಲಿನಲ್ಲಿಟ್ಟಿದ್ದ ಚೀಟಿ ಕೇವಲ ನೆನಪಿನ ಕಾಗದವಾಗಿರಲಿಲ್ಲ. ಅದು ದಿನಾಂಕ ನಡೆಯುತ್ತಿರುವ ಒಂದು ಹಕ್ಕುಪತ್ರವಾಗಿತ್ತು. ರಶೀದಿ ಪಡೆದ ದಿನವೇ 'ಈ ಅವಧಿ ಯಾವಾಗ ಮುಗಿಯುತ್ತದೆ?' ಎಂದು ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಬುದ್ಧಿವಂತಿಕೆ.

ಎಲ್ಲರೂ ಮಾರಲೇಬೇಕೆಂದೇನೂ ಇಲ್ಲ. ತೋಟ ನೋಡಿಕೊಳ್ಳುವ ಮಗನೋ ಮಗಳೋ ಊರಲ್ಲೇ ಇದ್ದರೆ, ವಾರಸುದಾರರ ನೆಲೆಯಲ್ಲಿ ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ಇದಕ್ಕೆ ಸಾವನ್ನೇ ಕಾಯಬೇಕಾಗಿಯೂ ಇಲ್ಲ. 2016ರ ನಿಯಮಗಳ ಪ್ರಕಾರ, ಯಜಮಾನರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅರ್ಹ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಯಜಮಾನರು ಇರುವಾಗಲೇ ಈ ಕೆಲಸ ಮುಗಿಸಿದರೆ ಅವಸರದ ಮಾರಾಟದ ಪ್ರಶ್ನೆಯೇ ಬರುವುದಿಲ್ಲ.

ಮಾರುವ ದಾರಿ

ಮಾರುವುದೇ ತೀರ್ಮಾನವಾದರೆ ಕಾಯ್ದೆಯ 5ನೇ ಕಲಮಿನಲ್ಲಿ ದಾರಿ ಸ್ಪಷ್ಟವಾಗಿದೆ. ಖಾಸಗಿ ವ್ಯಕ್ತಿ ತನ್ನ ಕೋವಿಯನ್ನು ಮಾರುವ ಮೊದಲು, ಕೊಳ್ಳುವವರ ಹೆಸರು ಮತ್ತು ವಿಳಾಸದೊಂದಿಗೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಾಯಬೇಕು. ತಿಳಿಸದೆ ಅಥವಾ ಆ ಅವಧಿ ಮುಗಿಯುವ ಮೊದಲೇ ಮಾರಿದರೆ 6 ತಿಂಗಳವರೆಗೆ ಸೆರೆವಾಸ ಆಗಬಹುದು. ಕೊಳ್ಳುವವನಿಗೆ ಅರ್ಹತೆ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಕೋವಿಯನ್ನು ಕೈಗೆ ಕೊಟ್ಟರೆ ಅದು ಇನ್ನೊಂದು ಅಪರಾಧ.

ಈ 45 ದಿನವನ್ನು ತೊಂದರೆ ಎಂದು ಭಾವಿಸುವವರೇ ಹೆಚ್ಚು. ನಿಜಕ್ಕೂ ಅದು ಮಾರುವವನ ಮಿತ್ರ. ಇಂದೇ ಹಣ, ಇಂದೇ ಕೋವಿ ಎಂದು ಅವಸರ ಮಾಡುವವನಿಗೆ 'ಕಾನೂನು ಬಿಡುವುದಿಲ್ಲ, 45 ದಿನ ಆಗಲಿ' ಎನ್ನಬಹುದು. ಅಷ್ಟು ಕಾಯಲು ಒಪ್ಪದವನು ಪ್ರಾಮಾಣಿಕ ಗಿರಾಕಿಯಲ್ಲ. ಅಂಥವನು ಇಮ್ಮಡಿ ಬೆಲೆ ಹೇಳಿದರೂ ಅದಕ್ಕೆ ಮರುಳಾಗಬಾರದು. ಹಾಗೆ ಮಾರಿದ ಕೋವಿ ನಾಳೆ ಯಾವ ಕೊಲೆಯಲ್ಲಿ ಸಿಕ್ಕಿಬೀಳುತ್ತದೋ ಯಾರು ಬಲ್ಲರು? ಕ್ರಮಸಂಖ್ಯೆ ಹಿಡಿದು ಪೊಲೀಸರು ಮೊದಲು ಬರುವುದು ಅಜ್ಜನ ಮನೆಗೇ. ಫೋಟೋ ತೆಗೆದು ಸಾಮಾಜಿಕ ಜಾಲತಾಣಗಳಲ್ಲಿ ಹಾಕುವುದೂ ಸರಿಯಲ್ಲ, ಅದು ಕಳ್ಳರಿಗೆ ವಿಳಾಸ ಕೊಟ್ಟಂತೆ. ಇನ್ನು ಕೆಟ್ಟುಹೋದ ಕೋವಿಯನ್ನು ಗುಜರಿಗೆ ಹಾಕುವುದು, ಹಳೆಯ ತೋಟಾಗಳನ್ನು ಬಾವಿಗೆ ಎಸೆಯುವುದು ಇವೆರಡೂ ಕೂಡದು. ಅವನ್ನೂ ಲೆಕ್ಕ ಕೊಟ್ಟು ಒಪ್ಪಿಸಲೇಬೇಕು.

ಅಂಗಡಿಯಲ್ಲಿ ಇಡುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಠಾಣೆಯ ಕೋಣೆಯಲ್ಲಿ ಕೋವಿಗೆ ಎಣ್ಣೆ ಹಚ್ಚುವವರಿರುವುದಿಲ್ಲ, ಅಂಗಡಿಯಲ್ಲಿ ಜೋಪಾನ ಹೆಚ್ಚು. ಆದರೆ ಅಲ್ಲಿ ಕಾಪಿಡುವುದಕ್ಕೆ ಬಾಡಿಗೆ ಇರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಕಡೆಗೆ ಕಾಯುವವನೇ ಕೊಳ್ಳುವವನಾದಾಗ ಮಾರುವವನ ಕೈ ಕಟ್ಟಿಹಾಕಿದಂತಾಗುತ್ತದೆ. ಇಡುವ ಮೊದಲೇ ಬಾಡಿಗೆ ಎಷ್ಟೆಂದು ಬರೆಯಿಸಿಕೊಳ್ಳಬೇಕು. ಕೋವಿಯನ್ನು ಖಾಲಿ ಮಾಡಿ, ಒರೆಸಿ, ಎಣ್ಣೆ ಹಚ್ಚಿ, ಫೋಟೋ ತೆಗೆದು ಇಟ್ಟುಕೊಂಡು, ಅದರ ಸ್ಥಿತಿಯನ್ನು ರಶೀದಿಯಲ್ಲಿ ನಮೂದಿಸಿದರೆ ಮುಂದೆ ವಾದಕ್ಕೆ ಅವಕಾಶವಿರುವುದಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಬೇಕು. ಮಾರಾಟವಾದ ಮೇಲೆ ಪರವಾನಗಿಯಿಂದ ಆ ಕೋವಿಯನ್ನು ತೆಗೆಸಿ, ಅದರ ಪ್ರತಿಯನ್ನು ಜೋಪಾನ ಮಾಡಬೇಕು.

ನ್ಯಾಯ ಎರಡೂ ಕಡೆಗೆ

ಹದಿಮೂರನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ತಿಯೊಲಾಜಿಕಾ' ಗ್ರಂಥದಲ್ಲಿ ಕೊಡುಕೊಳ್ಳುವಿಕೆಯ ಮೋಸದ ಬಗ್ಗೆ ಒಂದು ಇಡೀ ಪ್ರಶ್ನೆಯನ್ನೇ ಮೀಸಲಿಟ್ಟಿದ್ದಾರೆ. ಸೆಮಿನರಿಯಲ್ಲಿ ಅದನ್ನು ಓದುವಾಗ ಸಂತೆಯ ದನ, ಕುದುರೆಗಳ ವಿಷಯ ಎಂದುಕೊಂಡಿದ್ದೆವು. ಈಗ ನೋಡಿದರೆ ಅದು ಇಂದಿನ ಕೋವಿಯ ವ್ಯಾಪಾರಕ್ಕೂ ಹೊಂದುತ್ತದೆ. ವಸ್ತುವಿನಲ್ಲಿ ಅಪಾಯ ತರುವ ಗುಪ್ತ ದೋಷವಿದ್ದರೆ ಮಾರುವವನು ಅದನ್ನು ಹೇಳಲೇಬೇಕು, ಇಲ್ಲವಾದರೆ ಆ ಮಾರಾಟ ಅನ್ಯಾಯ ಎನ್ನುತ್ತಾರೆ ಅವರು. ನಳಿಗೆ ಬಿರುಕು ಬಿಟ್ಟ ಕೋವಿಯನ್ನು ಸುಮ್ಮನೆ ದಾಟಿಸಿಬಿಟ್ಟವನು ಕೊಂಡವನ ಕಣ್ಣಿಗೂ ಕೈಗೂ ಜವಾಬ್ದಾರನಾಗುತ್ತಾನೆ.

ಅವರ ಇನ್ನೊಂದು ಮಾತು ಕೊಳ್ಳುವವನಿಗೆ ಅನ್ವಯಿಸುತ್ತದೆ. ಮಾರುವವನು ತಿಳಿಯದೆ ಬಂಗಾರವನ್ನು ತಾಮ್ರವೆಂದು ಭಾವಿಸಿ ಕೊಟ್ಟರೆ, ಅದನ್ನು ತಿಳಿದೂ ಕೊಂಡವನು ಅನ್ಯಾಯ ಮಾಡಿದಂತೆ, ಅವನು ನಷ್ಟ ತುಂಬಿಕೊಡಬೇಕು. ಒಳ್ಳೆಯ ಇಂಗ್ಲಿಷ್ ಕೋವಿಯನ್ನು ಅದರ ಬೆಲೆ ಗೊತ್ತಿದ್ದೂ ವಿಧವೆಯೊಬ್ಬರಿಂದ ಎರಡು ಸಾವಿರಕ್ಕೆ ಒಯ್ಯುವವರು ನಮ್ಮ ನಡುವೆ ಇದ್ದರೆ, ಭಾನುವಾರ ಬಲಿಪೂಜೆಗೆ ಬರುವ ಮೊದಲು ಇದನ್ನೊಮ್ಮೆ ಯೋಚಿಸಲಿ. 'ಅವರೇ ಒಪ್ಪಿಕೊಟ್ಟರಲ್ಲ' ಎಂಬುದು ನ್ಯಾಯವಾದ ಉತ್ತರವಲ್ಲ.

ಆಡಳಿತ ಮತ್ತು ನಾವು

ಜಿಲ್ಲಾಡಳಿತ ಮನಸ್ಸು ಮಾಡಿದರೆ ಹೊಸ ಕಾನೂನಿಲ್ಲದೆಯೂ ಬಹಳಷ್ಟು ಮಾಡಬಹುದು. ಠೇವಣಿಯ ರಶೀದಿಯಲ್ಲೇ ಅವಧಿ ಮುಗಿಯುವ ದಿನಾಂಕವನ್ನು ಕನ್ನಡದಲ್ಲಿ ಮುದ್ರಿಸಬಹುದು. ಮುಟ್ಟುಗೋಲಿಗೆ ಮುನ್ನ ವಾರಸುದಾರರಿಗೆ ನೋಂದಾಯಿತ ಅಂಚೆಯಲ್ಲಿ ಒಂದು ಎಚ್ಚರಿಕೆ ಕಳುಹಿಸಬಹುದು. ಮಾರಬಯಸುವವರ ಮನೆ ವಿಳಾಸವನ್ನು ಗುಟ್ಟಾಗಿರಿಸಿ, ಮಾರಾಟಕ್ಕಿರುವ ಕೋವಿಗಳ ವಿವರವನ್ನು ಪರವಾನಗಿದಾರರಿಗೆ ತೋರಿಸುವ ಒಂದು ಪುಸ್ತಕವನ್ನು ಕಚೇರಿಯಲ್ಲಿ ಇಡಬಹುದು. ತನ್ನ ನಿಯಮದಿಂದಲೇ ಮಾರುಕಟ್ಟೆಯನ್ನು ಕಿರಿದು ಮಾಡಿದ ಸರಕಾರ, ಅದರಲ್ಲಿ ಸಿಕ್ಕಿಕೊಂಡ ಬಡವನಿಗೆ ಇಷ್ಟಾದರೂ ಸಹಾಯ ಮಾಡುವುದು ಧರ್ಮ.

ನಾವೂ ಸುಮ್ಮನಿರಬೇಕಾಗಿಲ್ಲ. ವಾಳೆಯ ಗುರಿಕಾರರು ಮರಣ ಸಂಭವಿಸಿದ ಮನೆಗೆ ಮೊದಲು ಹೋಗುವವರು. ಮರಣ ಪ್ರಮಾಣಪತ್ರ, ಪಿಂಚಣಿ, ಬ್ಯಾಂಕ್ ಖಾತೆಗಳ ಬಗ್ಗೆ ವಿಚಾರಿಸುವಂತೆ 'ಮನೆಯಲ್ಲಿ ಕೋವಿ ಇತ್ತೇ? ಪರವಾನಗಿ ಎಲ್ಲಿದೆ?' ಎಂದೂ ಒಂದು ಮಾತು ಕೇಳಲಿ. ಅರ್ಜಿ ಬರೆಯಲು ಬಲ್ಲ ನಿವೃತ್ತ ಶಿಕ್ಷಕರು, ವಕೀಲರು ಬಹುತೇಕ ಎಲ್ಲ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಅರ್ಧ ದಿನದ ಅವರ ಸೇವೆ ಒಂದು ಮನೆಯನ್ನು ನಷ್ಟದಿಂದ ಮಾತ್ರವಲ್ಲ, ಮೊಕದ್ದಮೆಯಿಂದಲೂ ಕಾಪಾಡಬಹುದು.

ಕತ್ತಿಗಳು ನೇಗಿಲಾಗುವ ದಿನದ ಕನಸನ್ನು ಪ್ರವಾದಿ ಯೆಶಾಯ ನಮಗೆ ಕೊಟ್ಟಿದ್ದಾನೆ. ಆ ದಿನ ಇನ್ನೂ ದೂರವಿದೆ. ಅಲ್ಲಿಯವರೆಗೆ, ಯಜಮಾನನಿಲ್ಲದ ಕೋವಿ ಅಡ್ಡದಾರಿ ಹಿಡಿಯದೆ ಸರಿಯಾದ ಕೈಗೆ ಹೋಗಲಿ, ಅದರ ಹಣ ಸಲ್ಲಬೇಕಾದ ಮನೆಗೆ ಸಲ್ಲಲಿ. ಆ ತಾಯಿಯ ಪರವಾಗಿ ಅರ್ಜಿ ಬರೆದು, ಅವಧಿ ಮುಗಿಯುವ ದಿನಾಂಕವನ್ನು ಲಿಖಿತವಾಗಿ ಕೇಳಿದ್ದೇವೆ. ಎರಡು ಸಾವಿರದವರಿಗೆ 'ಈಗ ಬೇಡ' ಎಂದು ಅವರು ಹೇಳಿ ಕಳುಹಿಸಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲೋ ಬೈಬಲಿನ ನಡುವೆಯೋ ಇಂಥ ಚೀಟಿ ಇದ್ದರೆ, ಇಂದೇ ಹೊರತೆಗೆದು ದಿನಾಂಕ ನೋಡಿ.